ಕಿಸೆಯಲ್ಲಿ ಜಪಾನಿನ ಕಾಗದ

ಜಪಾನಿನ ದೇವಸ್ಥಾನದಿಂದ ನಾನು ಬಹರೈನಿಗೆ ತಂದದ್ದು ಪ್ರಸಾದವಲ್ಲ. ಯಾರೋ ಬೇಡವೆಂದು ಮರಕ್ಕೆ ಕಟ್ಟಿ ಬಿಟ್ಟುಹೋದ ಕೆಟ್ಟ ಭವಿಷ್ಯ. ಅದೂ ಒಂದಲ್ಲ, ಎರಡು. ಈಗ ನಮ್ಮವರು ಈ ಸಂಗತಿಗೆ ರೆಕ್ಕೆಪುಕ್ಕ ಸೇರಿಸಿ ಹೇಳುತ್ತಾರೆ. ನಡೆದದ್ದು ಇಷ್ಟೇ, ತಪ್ಪು ನನ್ನದೇ.

ಸೌದಿಗೆ ಹೋಗುವ ಸೇತುವೆ ಇನ್ನೂ ಆಗಿರದ ಕಾಲ ಅದು. ನಮ್ಮ ಯಜಮಾನರು ಸಿತ್ರಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮನಾಮಾದ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ನಮ್ಮ ವಾಸ. ಮಕ್ಕಳು ಊರಲ್ಲಿ ನನ್ನ ತಾಯಿಯ ಹತ್ತಿರ ಶಾಲೆಗೆ ಹೋಗುತ್ತಿದ್ದರು. ಕಾರ್ಖಾನೆಗೆ ಜಪಾನಿನಿಂದ ಹೊಸ ಯಂತ್ರ ಬರುವುದಿತ್ತು. ಅದನ್ನು ಕಲಿತು ಬರಲು ಯಜಮಾನರನ್ನು ಮೂರು ವಾರಕ್ಕೆ ಅಲ್ಲಿಗೆ ಕಳಿಸಿದರು. ಹೆಂಡತಿಯೂ ಹೋಗಬಹುದು ಎಂದರು. ಹೋದೆ. ನಾಲ್ಕನೇ ಕ್ಲಾಸಿನವಳು ಜಪಾನಿಗೆ ಹೋಗಿ ಏನು ಮಾಡುತ್ತಾಳೆ ಎಂದು ನನ್ನ ನಾದಿನಿ ಕಾಗದ ಬರೆದಿದ್ದಳು. ನಡೆಯುತ್ತೇನೆ, ಕಾಲಿಗೆ ಕ್ಲಾಸು ಬೇಡ ಎಂದು ಉತ್ತರ ಬರೆದೆ.

ಹೊರಡುವ ಮೊದಲು ಕೆಳಮನೆಯವಳು ಬಂದಳು. ಉಡುಪಿ ಕಡೆಯ ಹುಡುಗಿ, ಮದುವೆಯಾಗಿ ಎರಡು ವರ್ಷ. ಗಂಡ ಒಂದು ಗೋದಾಮಿನಲ್ಲಿ ಸಾಮಾನು ಎತ್ತಿಡುವವನು. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾಗಿದ್ದ. ಲೈಸೆನ್ಸ್ ಸಿಕ್ಕಿದರೆ ಅದೇ ಗೋದಾಮಿನ ಪಿಕಪ್ ಓಡಿಸುವ ಕೆಲಸ, ಜೊತೆಗೆ ಹೆಂಡತಿಯನ್ನು ಇಟ್ಟುಕೊಳ್ಳಲು ವೀಸಾ. ಸಿಗದಿದ್ದರೆ ಇವಳ ವಿಸಿಟ್ ವೀಸಾ ಮುಗಿಯುತ್ತದೆ, ಇವಳು ಊರಿಗೆ, ಅವನು ಇಲ್ಲಿ. ಐದನೇ ಟೆಸ್ಟಿಗೆ ತಿಂಗಳಿತ್ತು.

"ಅಕ್ಕ, ಅಲ್ಲಿ ಯಾವ ದೇವರಿದ್ರೂ ಅಡ್ಡಿಲ್ಲ, ಇವರ ಹೆಸರಲ್ಲಿ ಒಂದು ಪ್ರಸಾದ ತನ್ನಿ. ಇಲ್ಲಿಯ ದೇವರಿಗೆಲ್ಲ ಹೇಳಿ ಸಾಕಾಯ್ತು."

"ದೇವರಿಗೆ ಹೇಳುವ ಬದಲು ಅವನಿಗೆ ಹಿಂದೆ ನೋಡ್ಲಿಕ್ಕೆ ಹೇಳು ಮಾರಾಯ್ತಿ, ಗಾಡಿ ಹಿಂದೆ ತೆಗೆಯುವಾಗಲೇ ಅಲ್ವಾ ಅವ ಟೆಸ್ಟಿಗೆ ಇಟ್ಟ ಡ್ರಮ್ಮಿಗೆ ಗುದ್ದುವುದು," ಎಂದೆ. ಆದರೂ ತರುತ್ತೇನೆಂದು ಮಾತು ಕೊಟ್ಟೆ.

ಜಪಾನಿನಲ್ಲಿ ಯಜಮಾನರು ಬೆಳಿಗ್ಗೆ ಏಳಕ್ಕೆ ಕಾರ್ಖಾನೆಗೆ ಹೋದರೆ ನಾನು ಎಂಟಕ್ಕೆ ಬೀದಿಗೆ. ಸೀರೆಯ ಮೇಲೆ ಯಜಮಾನರ ಸ್ವೆಟರು, ಕಾಲಿಗೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಕಾಲುಚೀಲ ಹಾಕಿ ಹವಾಯಿ ಮೆಟ್ಟಿದವರು ಬಾತುಕೋಳಿಯ ಹಾಗೆ ನಡೆಯುತ್ತಾರೆ. ಅಲ್ಲಿಯ ಮಕ್ಕಳು ನನ್ನ ಹಿಂದೆ ಹಾಗೆಯೇ ನಡೆದು ತೋರಿಸಿದವು. ಹೋಟೆಲಿನ ಹೆಸರು ಬರೆದ ಚೀಟಿ ಸೊಂಟದಲ್ಲಿತ್ತು. ದಾರಿಗೆ ನನ್ನದೇ ಗುರುತುಗಳು: ಮೀನಿನಂಗಡಿ, ಬೆಕ್ಕು ಮಲಗುವ ಕಿಟಕಿ, ಮುರುಕು ಸೈಕಲ್. ಮೂರನೇ ದಿನ ಯಾರೋ ಸೈಕಲ್ ತೆಗೆದುಕೊಂಡು ಹೋದರು. ಅಂದು ನಾನು ಹೋಟೆಲಿಗೆ ಮುಟ್ಟುವಾಗ ಊಟದ ಹೊತ್ತು ಕಳೆದಿತ್ತು.

ಅಲ್ಲಿಯ ಉದ್ಯಾನದಲ್ಲಿ ಹೂವೇ ಹೂವು. ಎಲೆಯೇ ಇಲ್ಲದ ಮರದಲ್ಲಿ ತಿಳಿ ಗುಲಾಬಿ ಬಣ್ಣದ ಹೂ ಕಿಕ್ಕಿರಿದು ನಿಂತಿತ್ತು. ಬಹರೈನಿನಲ್ಲಿ ನಮಗೆ ಮಲ್ಲಿಗೆ ಬರುವುದು ವಿಮಾನದಲ್ಲಿ, ಅದೂ ಯಾರಾದರೂ ಊರಿಂದ ಬಂದರೆ, ಬಾಡಿದ ಮೊಳ ಒಂದು. ಹಾಗಿರುವಾಗ ಇಷ್ಟು ಹೂವು ಕಂಡರೆ ಕೈ ಸುಮ್ಮನಿರುತ್ತದೆಯೇ? ಒಂದು ಗೊಂಚಲು ಮುರಿದು ತುರುಬಿಗೆ ಸಿಕ್ಕಿಸಿಕೊಂಡೆ. ಒಬ್ಬ ಮುದುಕ ಓಡಿಬಂದು ಬೆರಳು ಅಲ್ಲಾಡಿಸಿದ. ಬೈಯುತ್ತಿದ್ದಾನೆಂದು ಗೊತ್ತಾಯಿತು, ಆದರೆ ಬೈಯುವಾಗಲೂ ನಡುನಡುವೆ ತಲೆಬಾಗುತ್ತಿದ್ದ. ನಾನೂ ಬಾಗಿದೆ. ಅವನು ಮತ್ತೆ ಬಾಗಿದ. ಹೀಗೆ ಏಳೆಂಟು ಸಲ ಆಗಿ ನನ್ನ ಸೊಂಟ ಹಿಡಿಯಿತು. ಆಮೇಲೆ ಕೆಳಗೆ ಬಿದ್ದದ್ದನ್ನು ಆಯಲು ಹೋದೆ. ಬಿದ್ದದ್ದು ಬರೀ ಎಸಳು. ಅದನ್ನು ದಾರದಲ್ಲಿ ಕಟ್ಟುವುದು ಹೇಗೆ? ಇಷ್ಟು ಹೂವಿದ್ದೂ ಒಂದು ಮೊಳ ಮಾಲೆಗೆ ಗತಿಯಿಲ್ಲದ ಊರು.

ಮರದಡಿಯಲ್ಲಿ ಜನ ಚಾಪೆ ಹಾಸಿ ಬುತ್ತಿ ಬಿಚ್ಚಿ ಕೂತಿದ್ದರು. ಮದುವೆಯೂ ಇಲ್ಲ, ತಿಥಿಯೂ ಇಲ್ಲ, ಸುಮ್ಮನೆ ಹೂ ನೋಡಲಿಕ್ಕೆ ಬಂದವರು. ಒಬ್ಬಳು ಅಜ್ಜಿ ನನ್ನನ್ನು ಕರೆದು ಕಪ್ಪು ಎಲೆ ಸುತ್ತಿದ ಅನ್ನದ ಉಂಡೆ ಕೊಟ್ಟಳು. ಒಳಗೆ ಮೀನು. ಉಪ್ಪು ಸರಿಯಿತ್ತು, ಖಾರ ಸೊನ್ನೆ. ನನ್ನ ಚೀಲದಲ್ಲಿದ್ದ ಮಿಡಿ ಉಪ್ಪಿನಕಾಯಿ ಅವಳಿಗೆ ಕೊಟ್ಟೆ. ಅವಳ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದಳು. ಭಾಷೆ ಬಾರದವಳ ಜೊತೆ ಅರ್ಧ ದಿನ ಕೂತು ಎದ್ದೆ.

ದೇವಸ್ಥಾನಕ್ಕೆ ಹೋದದ್ದು ಕೊನೆಯ ವಾರ. ಬಾಗಿಲಲ್ಲಿ ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ತೀರ್ಥವೆಂದು ಮೂರು ಸಲ ಕುಡಿದು ತಲೆಗೂ ಪ್ರೋಕ್ಷಿಸಿಕೊಂಡೆ. ಹಿಂದಿನಿಂದ ಬಂದವರು ಅದರಲ್ಲಿ ಕೈ ತೊಳೆದರು. ಹೊಟ್ಟೆಗೇನೂ ಆಗಲಿಲ್ಲ. ಒಳಗೆ ಅಂಗಳದಲ್ಲಿ ಇನ್ನೊಂದು ಮರ, ಬೆಳ್ಳಗೆ ಹೂ ಬಿಟ್ಟಂತೆ ಕಂಡಿತು. ಹತ್ತಿರ ಹೋದರೆ ಹೂವಲ್ಲ, ಕಾಗದ. ಮಡಚಿ ಮಡಚಿ ಕೊಂಬೆಗೆ ಗಂಟು ಹಾಕಿದ ನೂರಾರು ಚೀಟಿಗಳು. ನೋಡುತ್ತ ನಿಂತೆ. ಜನ ಕಟ್ಟೆಯ ಬಳಿ ಚೀಟಿ ಪಡೆಯುತ್ತಾರೆ, ಓದುತ್ತಾರೆ, ಕೆಲವರು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಕೆಲವರು ಮರಕ್ಕೆ ಕಟ್ಟಿ ಹೋಗುತ್ತಾರೆ.

ನಮ್ಮ ಕಡೆ ಗಂಧಪ್ರಸಾದ ಹೆಚ್ಚಾದರೆ ಕಂಬದ ಬುಡದಲ್ಲಿ ಬಿಟ್ಟುಹೋಗುತ್ತಾರಲ್ಲ, ಬೇಕಾದವರು ತಗೊಳ್ಳಲಿ ಎಂದು? ಇದೂ ಹಾಗೆಯೇ ಅಂದುಕೊಂಡೆ. ಹೆಚ್ಚಾದದ್ದನ್ನು ಕಟ್ಟಿಟ್ಟಿದ್ದಾರೆ, ಎಂಥ ಒಳ್ಳೆಯ ಜನ. ಎರಡು ಬಿಚ್ಚಿಕೊಂಡೆ, ಒಂದು ಅವಳಿಗೆ, ಒಂದು ನನಗೆ. ಕೈಮುಗಿದೇ ಬಿಚ್ಚಿದೆ.

ಬಹರೈನಿಗೆ ಮರಳಿ ಒಂದನ್ನು ಕೆಳಮನೆಯವಳಿಗೆ ಕೊಟ್ಟೆ. ಅವಳು ಅದಕ್ಕೆ ಅರಸಿನ ಮುಟ್ಟಿಸಿ, ಟೆಸ್ಟಿನ ದಿನ ಹಾಕುವ ಅಂಗಿಯ ಕಿಸೆಯಲ್ಲಿಟ್ಟು, ಕಿಸೆಯ ಬಾಯಿಯನ್ನು ಹೊಲಿದೇ ಬಿಟ್ಟಳು. ಇನ್ನೊಂದನ್ನು ನಾನು ದೇವರ ಪಟದ ಹತ್ತಿರ ಇಟ್ಟೆ.

ಟೆಸ್ಟಿನ ಹಿಂದಿನ ಸಂಜೆ, ಹೊಸ ಯಂತ್ರ ಕೂರಿಸಲು ಬಂದಿದ್ದ ಜಪಾನಿನ ಇಂಜಿನಿಯರನ್ನು ಯಜಮಾನರು ಮನೆಗೆ ಕರೆತಂದರು. ನೀರುದೋಸೆ, ಕೋಳಿ ಸಾರು ಮಾಡಿದ್ದೆ. ಊಟಕ್ಕೆ ಮೊದಲು ಕೈತೊಳೆಯಲು ಎದ್ದ ಮನುಷ್ಯ ದೇವರ ಪಟದ ಮುಂದೆ ನಿಂತ. ಚೀಟಿ ಬಿಡಿಸಿ ನೋಡಿದ. ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿ ಯಜಮಾನರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಎಂಥದಂತೆ?" ಎಂದೆ.

"ಒಳ್ಳೆ ಭವಿಷ್ಯ ಬಂದ್ರೆ ಮನೆಗೆ ಕೊಂಡುಹೋಗುವುದಂತೆ. ಕೆಟ್ಟದು ಬಂದ್ರೆ ಅಲ್ಲಿಯೇ ಮರಕ್ಕೆ ಕಟ್ಟಿ ಹೋಗುವುದಂತೆ. ನೀನು ಕಟ್ಟಿದ್ದನ್ನು ಬಿಚ್ಚಿ ತಂದದ್ದು."

"ಇದರಲ್ಲಿ ಎಂಥ ಉಂಟು?"

"ಪ್ರಯಾಣ ಬೇಡ. ಕಳಕೊಂಡದ್ದು ಸಿಕ್ಕುವುದಿಲ್ಲ. ಕಾಯುವವರು ಬರುವುದಿಲ್ಲ." ಯಜಮಾನರು ದೋಸೆ ಮುರಿದರು. "ನಮ್ಮದೇನೂ ತೊಂದರೆ ಇಲ್ಲ, ಪ್ರಯಾಣ ಮುಗಿಸಿಯೇ ಬಂದಾಯ್ತಲ್ಲ."

ನಮಗಿಲ್ಲ. ಕೆಳಗಿನವನಿಗೆ? ನಾನು ಕೂಡಲೇ ಎದ್ದೆ. "ಈಗ ಹೇಳಿದ್ರೆ ಅವ ನಿದ್ದೆ ಮಾಡ್ಲಿಕ್ಕಿಲ್ಲ, ಸುಮ್ಮನಿರು," ಎಂದರು ಯಜಮಾನರು. ಆದರೂ ಮೆಟ್ಟಿಲು ಇಳಿದೆ. ಬಾಗಿಲಾಚೆ ಅವನು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದ: ಕನ್ನಡಿ, ಕ್ಲಚ್, ಗೇರ್, ಹಿಂದೆ ನೋಡು. ಅವಳು ಒಂದೊಂದಕ್ಕೂ "ಹೂಂ" ಎನ್ನುತ್ತಿದ್ದಳು. ಬಾಗಿಲು ತಟ್ಟಲಿಕ್ಕೆ ಎತ್ತಿದ ಕೈ ಇಳಿಸಿ ಮೇಲೆ ಬಂದೆ. ಇಂಜಿನಿಯರು ಆರನೆಯ ದೋಸೆ ತಿನ್ನುತ್ತಿದ್ದ.

ಬೆಳಿಗ್ಗೆ ಬೆಳಕು ಹರಿಯುತ್ತಲೇ ಕೆಳಗೆ ಹೋದೆ. ಅವನು ಅಂಗಿ ಹಾಕಿ ನಿಂತಿದ್ದ.

"ನಾನು ಕೊಟ್ಟದ್ದು ಪ್ರಸಾದ ಅಲ್ಲ. ಯಾರದೋ ಕೆಟ್ಟ ಭವಿಷ್ಯ. ನನಗೆ ಗೊತ್ತಿರಲಿಲ್ಲ. ಹೇಳದಿದ್ರೆ ತಪ್ಪಾಗ್ತದೆ, ಅದಕ್ಕೆ ಹೇಳ್ಲಿಕ್ಕೆ ಬಂದೆ."

ಅವಳು ಅಳಲಿಲ್ಲ, ಬೈದಳು. "ಅಷ್ಟು ದೂರ ಹೋಗಿ ನಿಮಗೆ ಸಿಕ್ಕಿದ್ದು ಇದೇ ಅಕ್ಕ? ಒಂದು ಕೇಳಿ ತರ್ಲಿಕ್ಕೆ ಆಗ್ಲಿಲ್ವಾ?" ಎಂದು ಕತ್ತರಿ ಹುಡುಕಿದಳು. ಅವಳು ಹೇಳಿದ್ದು ಸರಿ.

ಅವನು ಮಾತ್ರ ಹೆಂಡತಿಯ ಮುಖ ನೋಡಿ, ನನ್ನ ಮುಖ ನೋಡಿ, ನಗಲಿಕ್ಕೆ ಶುರು ಮಾಡಿದ. ಟೆಸ್ಟಿನ ದಿನ ಅವನು ನಕ್ಕದ್ದು ಅದೇ ಮೊದಲಂತೆ.

"ನಾಲ್ಕು ಸಲವೂ ಒಳ್ಳೆ ಪ್ರಸಾದ ಇಟ್ಕೊಂಡೇ ಹೋದದ್ದಲ್ವಾ ಅಕ್ಕ? ಎಂಥ ಆಯ್ತು? ಈ ಸಲ ಕೆಟ್ಟದ್ದೇ ಬರ್ಲಿ. ಡ್ರಮ್ಮಿಗೆ ಗುದ್ದಿದ್ರೆ ನಂದಲ್ಲ ತಪ್ಪು, ಜಪಾನಿಂದು."

ಅವಳು ಒಪ್ಪಲಿಲ್ಲ. ಹೊಲಿಗೆ ಬಿಚ್ಚಿ ಚೀಟಿ ಕಿತ್ತು ನನ್ನ ಕೈಗೆ ಹಾಕಿದಳು. ಅವನು ಖಾಲಿ ಕಿಸೆಯಲ್ಲಿ, ನಗುತ್ತಲೇ ಹೋದ. ನಮ್ಮ ಕಟ್ಟಡದ ಹತ್ತಿರ ಇದ್ದದ್ದು ಒಂದೇ ಮರ, ಅಗಲ ಎಲೆಯ ಬಾದಾಮಿ. ಎರಡೂ ಚೀಟಿಗಳನ್ನು ಅದರ ಕೊಂಬೆಗೆ ಕಟ್ಟಿದೆ. ಎದುರಿನ ಕೋಲ್ಡ್ ಸ್ಟೋರಿನ, ಅಂದರೆ ದಿನಸಿ ಅಂಗಡಿಯ, ಮಲಬಾರಿಯವನು ಬಾಗಿಲು ತೆರೆಯುವುದು ಬಿಟ್ಟು ನೋಡುತ್ತಿದ್ದ. ನೋಡಲಿ ಎಂದು ಇನ್ನೊಂದು ಗಂಟು ಬಿಗಿದೆ. ಮನೆಗೆ ಹೋಗಲು ಕಾಲು ಬರಲಿಲ್ಲ. ಅವಳೂ ಹೊರಗೆ ಬಂದಳು. ನನ್ನ ಹತ್ತಿರ ಬಾರದೆ ಮರದ ಆ ಬದಿಯಲ್ಲಿ ನಿಂತಳು. ಬಿಸಿಲು ಏರುವವರೆಗೂ ಹಾಗೇ ನಿಂತೆವು.

ಹತ್ತೂವರೆಗೆ ಅವನು ಓಡುತ್ತ ಬಂದ. ಪಾಸು. ಒಂದು ಡ್ರಮ್ಮಿಗೂ ಗುದ್ದಲಿಲ್ಲವಂತೆ. ಹಿಂದೆ ನೋಡಿದನಂತೆ, ಅದೂ ಎರಡು ಸಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ನನ್ನ ಕೈ ಹಿಡಿದಳು, ಕೂಡಲೇ ಮರದ ಕಡೆ ನೋಡಿದಳು.

"ಅಕ್ಕ, ಬರುವ ತಿಂಗಳು ನನ್ನ ಅಣ್ಣನ ಟೆಸ್ಟ್ ಉಂಟು. ಆ ಚೀಟಿ ಒಂದು ಬಿಚ್ಚಿ ಕೊಡ್ತೀರಾ?"

"ಮುಟ್ಟಿದ್ರೆ ಕೈಗೆ ಒಂದು ಕೊಡ್ತೇನೆ," ಎಂದೆ. ಮೇಲೆ ಹೋಗಿ ಅನ್ನಕ್ಕೆ ನೀರಿಟ್ಟೆ.