ಕೋರಾಡಿ ಬಸ್ಸಿನ ಸಿನಿಮಾ

ಅಕ್ಕೋರ ಬಲಗಡೆಯ ಹುಬ್ಬನ್ನು ಒಂದು ಹಳೆಯ ಗಾಯದ ಗೆರೆ ಎರಡಾಗಿ ಸೀಳಿತ್ತು. ಅವರು ಹೇಳುತ್ತಿದ್ದ ಸಿನಿಮಾದಲ್ಲಿ ಖಳನಾಯಕ ಬಂದಾಗ ಆ ಸೀಳುಹುಬ್ಬು ಮಾತ್ರ ಮೆಲ್ಲಗೆ ಮೇಲೇರುತ್ತಿತ್ತು. ಎಡಗಡೆಯದು ತನಗೇನೂ ಸಂಬಂಧವಿಲ್ಲ ಎಂಬಂತೆ ಸುಮ್ಮನಿರುತ್ತಿತ್ತು. ಶಾಲೆ ಬಸ್ಸಿನ ಮುಂದಿನ ಕಂಬಿಗೆ ಬೆನ್ನು ಆನಿಸಿ, ನಮ್ಮ ಕಡೆ ಮುಖ ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮುಂಗೈ ಮೇಲಕ್ಕೆ ಬಿಗಿಯಾಗಿ ಏರಿಸಿಕೊಂಡರೆಂದರೆ ಸಿನಿಮಾ ಶುರು. ಬಳೆ ಯಾಕೆ ಏರಿಸುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ದುಃಖದ ಸೀನಿನ್ಯಾಗ ಸಪ್ಪಳ ಆಗಬಾರದವಾ," ಅಂದಿದ್ದರು.

ನಮ್ಮ ಶಾಲೆ ನಾಗಪುರದ ಸದರ್‌ನಲ್ಲಿತ್ತು, ಮನೆ ಕೋರಾಡಿಯ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ. ಯಂತ್ರ ಜೋಡಿಸುವ ಕಂಪನಿಯೊಂದು ಅಪ್ಪನನ್ನು ಧಾರವಾಡದಿಂದ ಅಲ್ಲಿಗೆ ಕಳಿಸಿತ್ತು. ಅಕ್ಕೋರೂ ನಮ್ಮ ಕಡೆಯವರೇ, ಅದೇ ಕಾಲೊನಿಯವರು, ನಮಗೆ ಗಣಿತ ಕಲಿಸುತ್ತಿದ್ದವರು. ಶಾಲೆಗೆಲ್ಲ ಅವರು ಮಿಸ್. ನಮ್ಮ ಮನೆಯಲ್ಲಿ ಮಾತ್ರ, ಊರ ಕಡೆ ಟೀಚರಮ್ಮನನ್ನು ಕರೆಯುವಂತೆ, ಅಕ್ಕೋರು. ತರಗತಿಯಲ್ಲಿ ಮಹಾ ಕಟ್ಟುನಿಟ್ಟು. ಉತ್ತರ ಸರಿಯಿದ್ದು ನಡುವಿನ ಒಂದು ಹೆಜ್ಜೆ ಬಿಟ್ಟುಹೋಗಿದ್ದರೂ ಅಂಕ ಇಲ್ಲ. ಸಂಜೆ ಬಸ್ಸು ಹತ್ತಿದ ಮೇಲೆ ಅದೇ ಹೆಂಗಸು ಬೇರೆಯೇ ಆಗಿಬಿಡುತ್ತಿದ್ದರು.

ಒಂದು ಸಿನಿಮಾ ಮುಗಿಯಲು ವಾರವಾದರೂ ಬೇಕು. ಸೋಮವಾರ ಮಕ್ಕಳ ಪಾಳಿ. ರಜೆಯಲ್ಲಿ ನೋಡಿ ಮೆಚ್ಚಿದ್ದನ್ನು ಯಾರಾದರೂ ಒಬ್ಬರು ಎದ್ದು ನಿಂತು ಹೇಳಬೇಕು. ಉಳಿದ ದಿನ ಅವರದೇ. ಕಥೆ ಹಿಂದಿಯಲ್ಲಿ ಸಾಗುತ್ತಿತ್ತು, ಬೈಗುಳ ಮರಾಠಿಯಲ್ಲಿ, ಕರುಳು ಹಿಂಡುವ ಮಾತು ತಾನಾಗಿ ಕನ್ನಡದಲ್ಲಿ ಬಂದುಬಿಡುತ್ತಿತ್ತು. "ಮಿಸ್, ಕಾಯ್ ಮ್ಹಣಾಲಾತ್?", ಏನಂದಿರಿ ಎಂದು ಹಿಂದಿನ ಸೀಟಿನವರು ಕೇಳಿದಾಗ ನಾನು ತಿರುಗಿ ಅರ್ಥ ಹೇಳಬೇಕು. ಆ ಕೆಲಸದ ಜಂಬ ನನಗೆ ಇಷ್ಟಿಷ್ಟಲ್ಲ. ರೈಲ್ವೆ ಗೇಟು ಬಿದ್ದರೆ ಆಗ ಹಾಡು. ಹಾಡಿನ ಹೊತ್ತಿಗೆ ಗದ್ದಲ ಮಾಡಿದವರಿಗೆ ಒಂದೇ ಮಾತು: "ಹಾಡು ಬಂದಾಗ ಎದ್ದು ಹೋಗೋ ಮಂದೀನ ಎಂದೂ ನಂಬಬ್ಯಾಡ್ರಿ."

ಇನ್ನೊಂದು ಕಾನೂನು ಇತ್ತು. ಮೊದಲೇ ನೋಡಿದವರು ಬಾಯಿ ಬಿಡಬಾರದು. ಇದನ್ನು ದಿನಾ ಮುರಿಯುತ್ತಿದ್ದವಳು ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ, ಉಮರೇಡಿನಿಂದ ಬಂದು ಸೋದರಮಾವನ ಮನೆಯಲ್ಲಿದ್ದವಳು. ಅವಳ ಬಾಯಲ್ಲಿ ಎಳ್ಳು ಕಾಳೂ ನೆನೆಯುತ್ತಿರಲಿಲ್ಲ. ಕೊಲೆಗಾರ ಯಾರು, ಕಳೆದುಹೋದ ತಮ್ಮ ಯಾರು, ಎಲ್ಲ ಮೊದಲೇ ನನ್ನ ಕಿವಿಯಲ್ಲಿ ಊದಿಬಿಡುವಳು.

ಆ ಬಸ್ಸನ್ನು ನೆನೆದರೆ ಈಗಲೂ ಕಣ್ಣು ಅರ್ಧ ಮುಚ್ಚುತ್ತದೆ. ಹೊರಗೆ ಬಿಸಿಲು ಇಳಿದು ಎಲ್ಲವೂ ಬೂದಿ ಬಣ್ಣಕ್ಕೆ ತಿರುಗುವ ಹೊತ್ತು. ದೂರದಲ್ಲಿ ಸ್ಥಾವರದ ಚಿಮಣಿಗಳು, ಅವುಗಳ ಹೊಗೆ ಆಕಾಶದಲ್ಲಿ ಅವಸರವಿಲ್ಲದೆ ಹರಡುತ್ತಿತ್ತು. ಕಿಟಕಿಗೆ ಹಣೆ ಆನಿಸಿ ಕೂತರೆ ಅಕ್ಕೋರು ಹೇಳಿದ್ದೆಲ್ಲ ರಸ್ತೆ ಪಕ್ಕದಲ್ಲೇ ನಡೆಯುತ್ತಿತ್ತು. ಇಟ್ಟಂಗಿ ರಾಶಿಯ ಹಿಂದೆ ಕುದುರೆ ಓಡಿತು, ಪಂಕ್ಚರ್ ಅಂಗಡಿಯ ಮುಂದೆ ರಾಜಕುಮಾರಿ ನಿಂತಿದ್ದಳು. ನಿದ್ದೆಯೋ ಸಿನಿಮಾವೋ ತಿಳಿಯುತ್ತಿರಲಿಲ್ಲ. ಕಣ್ಣಾರೆ ನೋಡಿದ ಎಷ್ಟೋ ಚಿತ್ರಗಳು ಮರೆತುಹೋಗಿವೆ; ಆ ಬಸ್ಸಿನಲ್ಲಿ ಕೇಳಿದವು ಮಾತ್ರ ಬಣ್ಣಸಮೇತ ಉಳಿದಿವೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅವರು ಒಂದು ಹಿಂದಿ ಚಿತ್ರ ಶುರು ಮಾಡಿದರು. ಹೊಳೆದಂಡೆಯ ಊರು, ಗಂಡನಿಲ್ಲದ ತಾಯಿ, ಅಣ್ಣ ತಂಗಿ. ತಾಯಿ ದಿನಾ ದೋಣಿ ಹತ್ತಿ ಆಚೆ ದಡದ ಸಂತೆಗೆ ಹುರಿಗಡಲೆ ಮಾರಲು ಹೋಗುತ್ತಾಳೆ. ಒಂದು ಸಂಜೆ ಅವಳು ಮರಳುವಾಗ ಹೊಳೆ ಉಕ್ಕುತ್ತದೆ. ಮಕ್ಕಳಿಬ್ಬರೂ ದಡದಲ್ಲಿ ಕಂದೀಲು ಹಿಡಿದು ನಿಂತಿದ್ದಾರೆ. ಅಷ್ಟರಲ್ಲಿ ಕಾಲೊನಿಯ ಗೇಟು ಬಂತು, ಇಳಿದೆವು.

ಆ ರಾತ್ರಿ ಅವ್ವನನ್ನು ಆಸ್ಪತ್ರೆಗೆ ಒಯ್ದರು. ಕಾಮಾಲೆ ಅಂದರು. ಎಷ್ಟೋ ದಿನದಿಂದ ಮೈಯಲ್ಲಿ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳಂತೆ. ವಾರ ತುಂಬುವ ಮೊದಲೇ ಅವ್ವ ಹೋದಳು. ದಿನಕರ್ಮಕ್ಕೆಂದು ನಾವು ಧಾರವಾಡಕ್ಕೆ ಹೋದೆವು. ಅಲ್ಲಿ ಬಂದವರೆಲ್ಲ ನನ್ನ ತಲೆ ಸವರಿದರು.

ಮರಳಿ ಶಾಲೆಗೆ ಹೋದ ದಿನ ಸಂಜೆ ನನ್ನ ಸೀಟು ಖಾಲಿ ಇತ್ತು, ಕಿಟಕಿಯ ಪಕ್ಕದ್ದು. ಉಮರೇಡಿನವಳು ಸರಿದು ಜಾಗ ಬಿಟ್ಟು, "ನಾವ್ ತಿಥೇಚ್ ಆಹೇ," ಅಂದಳು. ದೋಣಿ ಇನ್ನೂ ಅಲ್ಲೇ ಇದೆ ಎಂದು. ನಾನಿಲ್ಲದಷ್ಟು ದಿನವೂ ಅಕ್ಕೋರು ಆ ಕಥೆಯನ್ನು ಮುಟ್ಟಿರಲಿಲ್ಲ.

ಅಕ್ಕೋರು ಬಂದು ನಿಂತರು. ಬಳೆ ಏರಿಸಿಕೊಂಡರು. ಹೊಳೆ, ಗಾಳಿ, ಕಂದೀಲು ಎಲ್ಲ ಹೇಳಿದರು. ದೋಣಿಯ ಹತ್ತಿರ ಬಂದಾಗ ಸುಮ್ಮನಾದರು. ಅವರು ಮಾತಿಗೆ ತಡಕಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ತಡೆಯಲಾಗಲಿಲ್ಲ. ಎಲ್ಲರೂ ಹಿಂದಿ, ಮರಾಠಿಯಲ್ಲಿ ಮಾತಾಡುವ ಬಸ್ಸಿನಲ್ಲಿ ಕನ್ನಡದಲ್ಲೇ ಕೇಳಿದೆ: "ಅಕ್ಕೋರೆ, ಆಕಿ ಮುಳುಗ್ತಾಳ್ರಿ?"

ಇಡೀ ಬಸ್ಸು ನನ್ನ ಕಡೆ ನೋಡಿತು. ಯಾರಿಗೂ ಕನ್ನಡ ಬರದಿದ್ದರೂ ಕೇಳಿದ್ದು ಏನೆಂದು ಎಲ್ಲರಿಗೂ ತಿಳಿದಿತ್ತು. ಅಕ್ಕೋರು ಏರಿಸಿದ್ದ ಬಳೆಗಳನ್ನೇ ಮತ್ತೆ ಏರಿಸಿಕೊಂಡರು. ಆಗ ಪಕ್ಕದಿಂದ ಉಮರೇಡಿನವಳ ದನಿ, ಬಲು ಬೇಸರದ ದನಿ: "ನಾಹೀ ಗ. ಪೋಹೋಚತೇ ತೀ. ಮೀ ಪಾಹಿಲಂಯ್." ಇಲ್ಲ ಕಣೇ, ದಡ ಸೇರುತ್ತಾಳೆ, ನಾನು ನೋಡಿದ್ದೇನೆ.

ಕಾನೂನು ಮುರಿದದ್ದಕ್ಕೆ ಅಕ್ಕೋರು ಬೈಯಲಿಲ್ಲ. ತಾಯಿಯನ್ನು ದಡ ಹತ್ತಿಸಿದರು, ಸೆರಗು ಹಿಂಡಿಸಿದರು, ಕಂದೀಲು ಹಿಡಿದು ಮನೆಗೆ ಕರೆದುಕೊಂಡು ಹೋದರು. "ನೆನೆದ ಕಡ್ಲಿ ಒಣಾ ಹಾಕಿದಳು," ಎಂದು ನನ್ನ ಕಡೆ ನೋಡಿ ಕನ್ನಡದಲ್ಲಿ ಸೇರಿಸಿದರು.

ಆ ಸಿನಿಮಾ ಮುಗಿಯಲೇ ಇಲ್ಲ. ಸೋಮವಾರದ ಪಾಳಿಯನ್ನು ಯಾರೂ ಕೇಳಲಿಲ್ಲ. ತಾಯಿ ಮಗನ ಮದುವೆ ಮಾಡಿದಳು. ಅವಳಿಗೆ ಚಾಳೀಸು ಬಂತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದಳು. ಹುಣಸೆಹಣ್ಣಿಗೆ ಸೊಸೆಯೊಡನೆ ಜಗಳ ಕಾದಳು. ಹಿಂದಿನ ಸೀಟಿನವರು ಅವಳಿಗೆ ಸ್ಕೂಟರ್ ಕಲಿಸಿದರು. "ಅಬ್ ಮಾತಾಜಿಕೋ ತೀರ್ಥಯಾತ್ರಾ ಪೇ ಭೇಜೋ, ಮ್ಯಾಡಮ್," ಎಂದ ಡ್ರೈವರ್ ಕಾಕಾ, ಅವಳನ್ನು ಕಾಶಿಗೆ ಮುಟ್ಟಿಸಲೆಂದೇ ಕಾಲೊನಿಯ ರಸ್ತೆಯಲ್ಲಿ ಬಸ್ಸನ್ನು ನಡಿಗೆಯ ವೇಗಕ್ಕೆ ಇಳಿಸುತ್ತಿದ್ದ. ತಾಯಿಯ ಕೂದಲು ಕಿವಿಯ ಮೇಲಿಂದ ಶುರುವಾಗಿ ಒಂದೊಂದಾಗಿ ಬೆಳ್ಳಗಾಯಿತು. ನಾನು ಕಿಟಕಿಗೆ ಹಣೆ ಆನಿಸಿ ನೋಡುತ್ತಿದ್ದೆ. ಹೊಗೆ ಹರಡಿದ ಆ ಆಕಾಶದ ಕೆಳಗೆ ಅವಳು ನಮ್ಮ ಬಸ್ಸಿನ ಜೊತೆಜೊತೆಗೇ ಮೊಣಕಾಲು ನೋವಿನಿಂದ ನಿಧಾನವಾಗಿ ನಡೆಯುತ್ತಿದ್ದಳು. ಮುಖ ಮಾತ್ರ ನಮ್ಮ ಅವ್ವನದು.

ಎಷ್ಟೋ ವರ್ಷಗಳ ಮೇಲೆ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ಒಂದು ಮಧ್ಯಾಹ್ನ, ಮೊಬೈಲಿನಲ್ಲಿ ಆ ಸಿನಿಮಾ ಸಿಕ್ಕಿತು. ದೋಣಿ ಮುಳುಗುತ್ತದೆ. ಮಧ್ಯಂತರಕ್ಕೂ ಮೊದಲೇ. ಉಳಿದ ಚಿತ್ರವೆಲ್ಲ ಮಕ್ಕಳ ಪಾಡು. ಅಕ್ಕೋರಿಗೆ ಫೋನು ಮಾಡಿದೆ.

"ಅಕ್ಕೋರೆ, ಆಕಿ ಮುಳುಗ್ತಾಳಲ್ರಿ."

ಯಾರು, ಯಾವುದು ಎಂದು ಅವರು ಕೇಳಲಿಲ್ಲ. "ಹೂಂನವಾ, ಮುಳುಗ್ತಾಳ," ಅಂದರು.

"ಬಸ್ಸಿನ್ಯಾಗ ಎಲ್ಲಾರಿಗೂ ಗೊತ್ತಿತ್ತೇನ್ರಿ?"

"ನೀ ಧಾರವಾಡದಾಗ ಇದ್ದಾಗ ಆಯ್ತವಾರ ಟೀವ್ಯಾಗ ಬಂದಿತ್ತಲಾ. ಇಡೀ ಕಾಲೊನಿ ನೋಡಿತ್ತು." ಆಮೇಲೆ ತಾವಾಗಿಯೇ ಸೇರಿಸಿದರು: "ಖರೇ ಹೇಳ್ತೀನಿ, ಅವತ್ತ ನನಗ ಧೈರ್ಯ ಆಗಲಿಲ್ಲ. ಆ ಉಮರೇಡಿನ ಹುಡುಗಿ ದಾಟಿಸಿದಳು. ನಾ ಬರೇ ಹಿಂದಿಂದ ಹೋದೆ."

ಗಣಿತದ ಟೀಚರು ಹೀಗೆ ಹೆಜ್ಜೆ ತಪ್ಪಿಸಬಹುದೇ ಎಂದು ಅಳುವಿನ ನಡುವೆಯೇ ಕೆಣಕಿದೆ. ಅವರು ನಕ್ಕರು. "ಆ ಡೈರೆಕ್ಟರಗ ಏನ್ ಗೊತ್ತಿತ್ತವಾ, ನೀ ಬಸ್ಸಿನ್ಯಾಗ ಕುಂತೀ ಅಂತ."

ಈ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು, ಮಲಗಿದಲ್ಲೇ. ಸುದ್ದಿ ಮುಟ್ಟಿಸಿದ್ದು ಉಮರೇಡಿನವಳು.

ಅವ್ವ ಎಷ್ಟು ವರ್ಷ ಬದುಕಿದ್ದಳೋ ಅದಕ್ಕಿಂತ ಒಂದು ವರ್ಷ ಹೆಚ್ಚಿನವಳು ನಾನು ಈಗ. ಇನ್ನು ಮುಂದಿನ ದಾರಿಯಲ್ಲಿ ಅವ್ವನ ಹೆಜ್ಜೆಗಳಿಲ್ಲ. ಮೊನ್ನೆ ತಲೆ ಬಾಚುವಾಗ ಕಿವಿಯ ಮೇಲೆ ಒಂದು ಬಿಳಿ ಕೂದಲು ಕಂಡಿತು. ಕಿತ್ತುಬಿಡಲೇ ಎಂದು ಮಗಳು ಕೇಳಿದಳು. ಬೇಡ, ಇರಲಿ ಬಿಡು, ನಮ್ಮ ಅವ್ವನಿಗೂ ಅಲ್ಲಿಂದಲೇ ಶುರುವಾಗಿದ್ದು ಅಂದೆ.