ಗೋಡೆ ಒರೆಸಿದ ತಪ್ಪು

ನಾವಿರುವುದು ಲಂಡನ್ನಿನ ಗ್ರೀನ್‌ಫರ್ಡ್‌ನ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಕಟ್ಟಡ ಮನೆ ಬಾಡಿಗೆಗೆ ಕೊಡುವ ಒಂದು ಕಂಪನಿಯದ್ದು, ಆ ಕಂಪನಿ ಕೌನ್ಸಿಲ್‌ನದ್ದು, ಎಂದರೆ ಇಲ್ಲಿಯ ನಗರಸಭೆಯದ್ದು. ಇಷ್ಟು ಅರ್ಥವಾಗುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಗೋಡೆ ಒದ್ದೆಯಾಗಿದೆ ಎಂದು ಕೌನ್ಸಿಲ್‌ಗೆ ಫೋನ್ ಮಾಡಿದರೆ ಕಂಪನಿಯನ್ನು ಕೇಳಿ ಎನ್ನುತ್ತಿದ್ದರು. ಕಂಪನಿಗೆ ಮಾಡಿದರೆ ಕೌನ್ಸಿಲ್ ತೀರ್ಮಾನ ಆಗಲಿ ಎನ್ನುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪಾರ್ಕ್ ರಾಯಲ್‌ನ ಫ್ಯಾಕ್ಟರಿಯಲ್ಲಿ ಸಮೋಸ ಪ್ಯಾಕ್ ಮಾಡುತ್ತಾ, ಊಟದ ಬಿಡುವಿನಲ್ಲಿ ಫೋನ್ ಹಿಡಿದು ನಾನು ಕೂಗಾಡುವುದನ್ನು ಕೇಳಿ ಜೊತೆಯವರು ದೂರ ಹೋಗಿ ಕೂರುತ್ತಿದ್ದರು.

ಕೂಗಾಡಲು ಕಾರಣವಿತ್ತು. ಹನ್ನೆರಡು ವರ್ಷದ ಮಗಳ ಕೋಣೆಯ ಹೊರಗೋಡೆ ನೀರು ಹೀರಿ ಹೀರಿ ಕಪ್ಪು ಬೂಷ್ಟು ಹಿಡಿದಿತ್ತು. ಅವಳಿಗೆ ಉಬ್ಬಸ ಶುರುವಾಯಿತು. ಗೋಡೆ ಸರಿಯಾಗುವ ತನಕ ಆ ಕೋಣೆಯಲ್ಲಿ ಮಲಗಿಸಬೇಡಿ ಎಂದು ನಮ್ಮ ಡಾಕ್ಟರು, ಇಲ್ಲಿ ಜಿಪಿ ಎನ್ನುತ್ತಾರೆ, ಹೇಳಿದರು. ಅಂದಿನಿಂದ ಅವಳ ಹಾಸಿಗೆ ಹಾಲ್‌ಗೆ ಬಂತು, ಅಜ್ಜಿಯ ಮಂಚದ ಪಕ್ಕಕ್ಕೆ. ಅವಳ ಪುಸ್ತಕ ಸೋಫಾದ ಕೆಳಗೆ, ಯೂನಿಫಾರ್ಮ್ ಅಡುಗೆಮನೆಯ ಬಾಗಿಲಿಗೆ. ಕೇಳಿದರೆ, “ಇಟ್ಸ್ ಫೈನ್, ಅಮ್ಮ” ಎನ್ನುತ್ತಿದ್ದಳು. ಅವಳು ಹಾಗೆ ಹೇಳಿದಾಗಲೆಲ್ಲ ನಾನು ಮತ್ತೆ ಕಂಪನಿಗೆ ಫೋನ್ ಹಚ್ಚುತ್ತಿದ್ದೆ.

ಕೊನೆಗೂ ಒಂದು ಪತ್ರ ಬಂತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪನಿಯವರು ಮನೆ ನೋಡಲು ಬರುತ್ತಾರೆ. ಇಲ್ಲಿಯೇ ನಾವು ಎಡವಿದ್ದು.

ಕುಂದಾಪುರದಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಬುಧವಾರವೇ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಹೆಣೆ, ಮನೆಗ್ ಜನ ಬಪ್ಪತಿಗೆ ಗ್ವಾಡಿ ಹೀಂಗ್ ಇಪ್ಪುದಾ? ಕಂಡವ್ರ್ ಎಂತ ಹೇಳ್ತ್ರ್?” ಎಂದು ಬ್ಲೀಚ್ ಹಾಕಿ ಗೋಡೆ ತಿಕ್ಕಿದರು. ನಾನೂ ತಡೆಯಲಿಲ್ಲ. ತಡೆಯುವುದಿರಲಿ, ಗಂಡನನ್ನು ಅಂಗಡಿಗೆ ಓಡಿಸಿ ಬಿಳಿ ಪೇಂಟ್ ತರಿಸಿ ನಾನೇ ಬಳಿದೆ. ಕಿಟಕಿ ತೆರೆದು ಊದುಬತ್ತಿ ಹಚ್ಚಿದೆವು. ಗುರುವಾರ ಕಂಪನಿಯಿಂದ ಬಂದವನು ಪಾಪ, ಒಳ್ಳೆಯ ಹುಡುಗ. ಹೇಳದೆಯೇ ಶೂ ಬಿಚ್ಚಿಟ್ಟ. ಅತ್ತೆ ಕೊಟ್ಟ ಗೋಳಿಬಜೆ ತಿಂದು ಇನ್ನೆರಡು ಕೇಳಿದ. ಆಮೇಲೆ ತೊಂದರೆ ಏನಾದರೂ ಇದೆಯೇ ಎಂದ. ಫೋನಿನಲ್ಲಿ ಅಷ್ಟು ಹಾರಾಡಿದ್ದ ನಾನು, ತಿಂಡಿ ತಿನ್ನುತ್ತಿರುವವನ ಎದುರು ನಮ್ಮ ಗೋಳು ಬಿಚ್ಚುವುದು ಹೇಗೆಂದು, “ಸ್ವಲ್ಪ ಇದೆ, ಪರವಾಗಿಲ್ಲ” ಎಂದುಬಿಟ್ಟೆ. ಅವನು ಗೋಡೆಯ ಫೋಟೋ ತೆಗೆದುಕೊಂಡು ಹೋದ.

ಎರಡನೇ ಮಹಡಿಯಲ್ಲಿ ಉಡುಪಿಯ ಕಲ್ಯಾಣಪುರ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದಾರೆ, ನಮಗೆ ಅವರು ಬಾಯಮ್ಮ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಅವರೂ ಗೋಡೆ ತೊಳೆದು, ಮೇಲೆ ಏಸುವಿನ ದೊಡ್ಡ ಪಟ ತೂಗುಹಾಕಿ, ಆ ಹುಡುಗನಿಗೆ ಕೇಕ್ ಕೊಟ್ಟು ಕಳಿಸಿದ್ದರಂತೆ. ಕಟ್ಟಡದಲ್ಲಿ ಬೂಷ್ಟು ಕಂಡುಬಂದಿಲ್ಲ ಎಂದು ಕಂಪನಿ ವರದಿ ಬರೆಯಿತು. ಗೋಡೆಯ ಕೆಲಸವನ್ನು ಮುಂದೂಡಬೇಕೇ, ಈ ಚಳಿಗಾಲದೊಳಗೆ ಮಾಡಿಸಬೇಕೇ ಎಂಬುದು ಕೌನ್ಸಿಲ್ ಸಭೆಗೆ ಬಂತು. ಬಾಡಿಗೆದಾರರ ಪರವಾಗಿ ಒಬ್ಬರು ಮೂರು ನಿಮಿಷ ಮಾತಾಡಬಹುದು. ಎಲ್ಲರೂ ನನ್ನತ್ತ ಬೆರಳು ತೋರಿಸಿದರು. ಬಾಯಿ ಜೋರಿರುವವರಿಗೆ ಇಂಥ ಮರ್ಯಾದೆ ತಪ್ಪಿದ್ದಲ್ಲ.

ಸಭೆಯಲ್ಲಿ ಮೊದಲು ಬಂದದ್ದು ಪಾರ್ಕಿಂಗ್. ಆಮೇಲೆ ಲೈಬ್ರರಿ ತೆರೆಯುವ ಸಮಯ. ಆಮೇಲೆ ಯಾವುದೋ ರಸ್ತೆಯ ಮರದ ಕೊಂಬೆಗೆ ಅರ್ಧ ಗಂಟೆ. ನಾನು ಬಾಯಮ್ಮನ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದೆ. ನಮ್ಮ ಸರದಿ ಬಂದಾಗ ಕಂಪನಿಯ ಮುಖ್ಯಸ್ಥರು ಎದ್ದು, ತಾವು ಮನೆಮನೆಗೆ ಹೋಗಿ ನೋಡಿದ್ದೇವೆ ಎಂದು ಪರದೆಯ ಮೇಲೆ ಫೋಟೋ ಹಾಕಿಸಿದರು. ಬೆಳ್ಳಗೆ ಹೊಳೆಯುವ ಗೋಡೆ. ಮೂಲೆಯಲ್ಲಿ ಮಗಳು ಅಂಟಿಸಿದ್ದ ಬೆಕ್ಕಿನ ಚಿತ್ರ.

ನಮ್ಮದೇ ಗೋಡೆ! ನನ್ನ ಕಿವಿ ಬಿಸಿಯಾಯಿತು. ಅರ್ಧ ಸಿಟ್ಟು, ಅರ್ಧ ನಾಚಿಕೆ. ಬಾಯಮ್ಮನ ಮಗ ಚಂದದ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಭಾಷಣವನ್ನು ಮಡಚಿ ಚೀಲಕ್ಕೆ ಹಾಕಿ ಮೈಕಿನ ಮುಂದೆ ನಿಂತೆ. ನನ್ನ ಫ್ಯಾಕ್ಟರಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು:

“ಅದು ನನ್ನ ಮಗಳ ಕೋಣೆ. ಆ ಗೋಡೆ ತೊಳೆದದ್ದು ನನ್ನ ಅತ್ತೆ, ಬಣ್ಣ ಬಳಿದದ್ದು ನಾನು. ನೀವು ಬರುವ ದಿನ ಹೇಳಿದಿರಿ. ಬರುವವರು ದಿನ ಹೇಳಿದರೆ ನಾವು ಮನೆ ಚೊಕ್ಕಟ ಮಾಡುತ್ತೇವೆ, ಅದು ನಮ್ಮ ಅಭ್ಯಾಸ. ಎರಡು ವಾರದಲ್ಲಿ ಬೂಷ್ಟು ಬಣ್ಣದ ಮೇಲೆ ಮತ್ತೆ ಬಂದಿದೆ. ನನ್ನ ಮಗಳು ಇನ್ನೂ ಹಾಲ್‌ನಲ್ಲೇ ಮಲಗುತ್ತಾಳೆ.”

ಸಭೆಯಲ್ಲಿ ಯಾರೋ ನಕ್ಕರು. ಕನ್ನಡಕದ ಹಿರಿಯ ಸದಸ್ಯೆಯೊಬ್ಬರು ಮಾತ್ರ ನಗದೆ, “ಹೀಗೆ ತೊಳೆದವರು ನೀವೊಬ್ಬರೇ?” ಎಂದು ಕೇಳಿದರು. ನಾನು ಹಿಂದಕ್ಕೆ ತಿರುಗಿದೆ. ನನ್ನ ಮಾನ ಹೋದದ್ದು ಸಾಕು, ಇನ್ನೊಬ್ಬರ ಮನೆಯ ಕೊಳೆಯನ್ನು ನಾನು ಹೇಗೆ ಹೇಳಲಿ?

ಬಾಯಮ್ಮ ಎದ್ದು ನಿಂತರು. ಚರ್ಚಿಗೆ ಹೋಗುವ ಕೋಟು, ಕೈಯಲ್ಲಿ ಪರ್ಸು, ಮುಖ ಕೆಂಪು. ಆಮೇಲೆ ಮೂರನೇ ಮಹಡಿಯ ಗುಜರಾತಿ ದಂಪತಿ ಎದ್ದರು. ಆಮೇಲೆ ಲಿಫ್ಟಿನಲ್ಲಿ ಎಂದೂ ಮಾತಾಡದ ಸೊಮಾಲಿ ಹೆಂಗಸು. ನೋಡನೋಡುತ್ತಾ ನಮ್ಮ ಕಟ್ಟಡದಿಂದ ಬಂದವರೆಲ್ಲ ಎದ್ದು ನಿಂತಿದ್ದರು. ನನಗೆ ಎಲ್ಲಿಲ್ಲದ ಧೈರ್ಯ ಬಂತು. “ದಿನ ಹೇಳದೆ ಬನ್ನಿ. ಒಪ್ಪಿಗೆಯನ್ನು ಈಗಲೇ ಬರೆದುಕೊಡುತ್ತೇನೆ” ಎಂದೆ.

ವಿಷಯವನ್ನು ಮತಕ್ಕೆ ಹಾಕಿ ಕೈ ಎತ್ತಿಸಿದರು. ಕಂಪನಿಯ ಪರ ಇದ್ದ ಸದಸ್ಯರ ಸಾಲಿನಲ್ಲೂ ಕೈಗಳು ಮೇಲೆದ್ದವು. ಮನೆಗಳನ್ನು ಮತ್ತೆ ನೋಡಬೇಕು, ಬೂಷ್ಟು ಇದ್ದರೆ ಚಳಿಗಾಲಕ್ಕೆ ಮೊದಲು ಗೋಡೆ ಸರಿಪಡಿಸಬೇಕು ಎಂದು ತೀರ್ಮಾನವಾಯಿತು. ಬಾಯಮ್ಮ ಖುಷಿಗೆ ನನ್ನ ತೋಳು ಚಿವುಟಿದ ಗುರುತು ಎರಡು ದಿನ ಇತ್ತು. ಬಸ್ಸಿನಲ್ಲಿ ನಮ್ಮ ಗಲಾಟೆ ಕೇಳಿ ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ.

ಮನೆಯಲ್ಲಿ ಅತ್ತೆ ಮಾತ್ರ ಹಣೆ ಚಚ್ಚಿಕೊಂಡರು. “ನಮ್ಮನಿ ಗ್ವಾಡಿ ಕತಿ ಊರಿಗೆಲ್ಲ ಹೇಳಿ ಬಂದ್ಯಾ?”

ಮುಂದಿನ ಮಂಗಳವಾರ ಬೆಳಿಗ್ಗೆ ಅದೇ ಹುಡುಗ ಬಾಗಿಲು ಬಡಿದ. ನಾನು ನೈಟಿಯಲ್ಲಿದ್ದೆ, ಸಿಂಕಿನ ತುಂಬ ಪಾತ್ರೆ, ಮನೆಯಿಡೀ ಮೀನಿನ ವಾಸನೆ. ಅತ್ತೆಯ ಕೈ ತಾನಾಗಿ ಒರೆಸುವ ಬಟ್ಟೆಗೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಅವನು ಗೋಡೆ ಮುಟ್ಟಿ, ಕಪ್ಪಾದ ಬೆರಳನ್ನು ನೋಡಿ, ಬರೆದುಕೊಂಡ.

ಶರತ್ಕಾಲದಲ್ಲಿ ಕಟ್ಟಡದ ಸುತ್ತ ಕಬ್ಬಿಣದ ಅಟ್ಟಣಿಗೆ ಎದ್ದಿತು. ಮೊದಲ ಹಿಮ ಬೀಳುವಷ್ಟರಲ್ಲಿ ಗೋಡೆ ಬೆಚ್ಚಗೆ ಒಣಗಿತ್ತು. ಜಿಪಿ ಒಪ್ಪಿದ ಶನಿವಾರ ಮಗಳು ಹಾಸಿಗೆ, ಪುಸ್ತಕ, ಯೂನಿಫಾರ್ಮ್ ಎಲ್ಲವನ್ನೂ ತಾನೇ ಹೊತ್ತು ಕೋಣೆಗೆ ಸಾಗಿಸಿದಳು. ನಾನು ದಿಂಬು ಹಿಡಿದುಕೊಂಡು ಹೋದರೆ, ಅದನ್ನು ಇಸಿದುಕೊಂಡು, “ಅಮ್ಮ, ನೆಕ್ಸ್ಟ್ ಟೈಮ್ ನಾಕ್ ಮಾಡು” ಎಂದು ನನ್ನ ಮುಖದ ಮೇಲೆಯೇ ಬಾಗಿಲು ಹಾಕಿದಳು.

ಬೇರೆ ದಿನವಾಗಿದ್ದರೆ ಒಂದು ಬಿಡುತ್ತಿದ್ದೆ. ಅಂದು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗೆ ಹುಡುಗಿ ಜೋರಾಗಿ ಹಾಡುತ್ತಿದ್ದಳು, ನಡುವೆ ಒಂದು ಸಲವೂ ಕೆಮ್ಮಲಿಲ್ಲ.