ಬ್ಯಾಂಡಿನವರ ಪಂಕ್ತಿಯಲ್ಲಿ ನನಗೊಂದು ಎಲೆ

ಇದು ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ನಾನು ನ್ಯಾಮತಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ಮನೆ ಚನ್ನಗಿರಿಯಲ್ಲಿ. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು, ನಡುವೆ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಕಾಯುವ ಕೆಲಸ. ಪಾಠಕ್ಕಿಂತ ಹೆಚ್ಚಾಗಿ ಇಲಾಖೆ ಕೇಳುವ ಮಾಹಿತಿಯನ್ನು ಮೊಬೈಲಿಗೆ ತುಂಬಿಯೇ ಸುಸ್ತಾಗುವ ನೌಕರಿ. ಐವತ್ತರ ಹತ್ತಿರ ಬಂದಾಗ ಒಳಗಿನಿಂದಲೇ ದಣಿದುಬಿಟ್ಟಿದ್ದೆ.

ಆ ದಿನಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಮೊಬೈಲಿನಲ್ಲಿ ಹಳೆಯ ಜಾಝ್ ಕೇಳುತ್ತಿದ್ದೆ. ಅದರಲ್ಲಿನ ಸ್ಯಾಕ್ಸೊಫೋನು ನನ್ನ ಹಾಗೇ ದಣಿದಂತೆ ಕೇಳಿಸುತ್ತಿತ್ತು. ಕಲಿಯಬೇಕು ಅನ್ನಿಸಿತು. ಹೆಂಡತಿ "ಈ ವಯಸ್ಸಲ್ಲಿ ಊದಿದ್ರೆ ಬಿ.ಪಿ. ಏರ್ತೈತೆ" ಎಂದಳು. ಆದರೂ ಮದುವೆ ಬ್ಯಾಂಡ್ ನಡೆಸುವ ದಾದಾಪೀರ್ ಸಾಹೇಬರ ಮನೆಗೆ ಹೋದೆ.

ಸಾಹೇಬರು ಮೊದಲ ಎರಡು ತಿಂಗಳು ಒಂದೇ ಸ್ವರ ಊದಿಸಿದರು. "ಉಸ್ರು ನಿಲ್ಲಾಕೆ ಕಲೀಲಿ ಮೇಷ್ಟ್ರೇ, ಬೆರಳಿನ ಕೆಲ್ಸ ಆಮ್ಯಾಲೆ." ಅದಾದ ಮೇಲೆ ಸ್ಕೇಲು, ಆಮೇಲೆ ಎಣಿಕೆ. ಎಣಿಸುವುದರಲ್ಲಿ ನಾನು ಪಂಟ ಅಂದುಕೊಂಡಿದ್ದೆ. ಆದರೆ ಸುಮ್ಮನಿರಬೇಕಾದ ನಾಲ್ಕು ಮಾತ್ರೆ ಕಾಯಲಾರದೆ ಪ್ರತಿ ಸಲ ಮುಂಚೆಯೇ ನುಗ್ಗುತ್ತಿದ್ದೆ. "ಇನ್ನೊಬ್ರು ಊದೋವಾಗ ತಡೀರಿ. ನಿಮ್ಮ ಸರದಿ ಬಂದೇ ಬರ್ತೈತೆ" ಎನ್ನುತ್ತಿದ್ದರು.

ಆ ಪಾಠ ಅವರ ಉಸ್ತಾದರದ್ದಂತೆ. ಉಸ್ತಾದರು ಹರೆಯದಲ್ಲಿ ಮುಂಬೈಗೆ ಓಡಿಹೋಗಿ, ದೊಡ್ಡ ಹೋಟೆಲೊಂದರ ಜಾಝ್ ಬ್ಯಾಂಡಿನಲ್ಲಿ ಊದಿದವರು. ನನ್ನ ಕೈಗೆ ಕೊಟ್ಟಿದ್ದ ಸ್ಯಾಕ್ಸೊಫೋನೂ ಅವರದ್ದೇ. ಒಂದು ಭಾನುವಾರ ಸಾಹೇಬರು ಹೇಳಿದರು: "ಗಿರಾಕಿಗಳಿಗೆ ಮುಂದಿನ ಬಾಗ್ಲು, ಬ್ಯಾಂಡಿನೋರಿಗೆ ಅಡುಗೆಮನೆ ಬಾಗ್ಲು. ಜನಾನ ಕುಣಿಸಿ ಬಂದು, ಪಾತ್ರೆ ತೊಳಿಯೋ ಜಾಗದಾಗೆ ನಿಂತ್ಕಂಡು ಉಣ್ಣಬೇಕಿತ್ತಂತೆ. ಅಮೆರಿಕದಾಗೆ ಈ ಸಂಗೀತ ಹುಟ್ಟಿಸಿದ ಕಪ್ಪು ಜನಕ್ಕೂ ಹಿಂಗೇ ಆಗಿತ್ತಂತೆ." ನನ್ನ ಕಣ್ಣು ತುಂಬಿತು. "ಎಂಥಾ ಜನ ಸಾಹೇಬ್ರೇ ಅವ್ರು!" ಎಂದು ಸಿಟ್ಟು ಮಾಡಿಕೊಂಡೆ. ಅವರು ಸುಮ್ಮನೆ ನಕ್ಕರು.

ವರ್ಷ ಕಳೆಯುವಷ್ಟರಲ್ಲಿ ನಾಲ್ಕೈದು ಹಾಡು ಬಾಯಿಗೆ ಕೂತವು. ಆ ಬೇಸಿಗೆಯಲ್ಲಿ ಜಗಳೂರು ಕಡೆ ಬಿಳಿಚೋಡಿನಲ್ಲಿ ಒಂದು ಮದುವೆಗೆ ಬಾರಿಸಲು ಸಾಹೇಬರು ಒಪ್ಪಿಕೊಂಡಿದ್ದರು. ಬ್ಯಾಂಡಿನ ಎರಡನೇ ಸ್ಯಾಕ್ಸೊಫೋನಿನವನಿಗೆ ಜ್ವರ ಬಂತು. "ಬರ್ತೀರೇನ್ರಿ ಮೇಷ್ಟ್ರೇ? ನೀವು ಹಿಂದೆ ನಿಂತು ಸ್ವರ ಹಿಡ್ಕಂಡ್ರೆ ಸಾಕು" ಎಂದರು ಸಾಹೇಬರು. ಹಿಗ್ಗಿ ಹೀರೇಕಾಯಿಯಾದೆ. ಕೆಂಪು ಕೋಟು ತೊಟ್ಟು ಟೆಂಪೊ ಹತ್ತಿದೆ. ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟರು.

ಆ ಊರಿನ ಬಿಸಿಲು ಕೇಳಬೇಡಿ. ಮದುಮಗನ ಮೆರವಣಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು, ಗೆಳೆಯರ ಕುಣಿತ ಮುಗಿಯುತ್ತಲೇ ಇರಲಿಲ್ಲ. ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ತುಟಿ ಊದಿಕೊಂಡು, ಕಾಲು ನನ್ನದಲ್ಲ ಎನ್ನುವಂತಾಗಿತ್ತು. ನಾವು ಆರೂ ಜನ ಟೆಂಪೊ ನೆರಳಲ್ಲಿ ನಿಂತೆವು. ಬ್ಯಾಂಡಿನವರಿಗೆ ಊಟ ಕೊನೆಯ ಪಂಕ್ತಿಗೆ. ಎಲ್ಲ ಮದುವೆಯಲ್ಲೂ ಹಾಗೆಯೇ ಎಂದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ಯಾರೋ "ಏನ್ ಮೇಷ್ಟ್ರೇ, ಇದೇನ್ರೀ ವೇಷ?" ಎಂದರು. ನೋಡಿದರೆ, ನಾನು ನೌಕರಿಗೆ ಸೇರಿದ ಹೊಸತರಲ್ಲಿ ನಮಗೆ ಹೆಡ್‌ಮಾಸ್ಟರ್ ಆಗಿದ್ದವರು. ಮದುಮಗಳು ಅವರ ತಮ್ಮನ ಮಗಳಂತೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಾಹೇಬರು ಪಕ್ಕದಲ್ಲೇ ಇದ್ದರು. "ಏನಿಲ್ಲ ಸಾರ್, ಸುಮ್ನೆ ತಮಾಷೆಗೆ ಬಂದಿದ್ದೆ" ಎಂದುಬಿಟ್ಟೆ.

"ಹಂಗಾದ್ರೆ ಇಲ್ಲ್ಯಾಕೆ ನಿಂತೀರಿ? ಬರ್ರಿ ಒಳಗೆ, ಎಲೆ ಹಾಕ್ಯಾರೆ" ಎಂದು ಕೈ ಹಿಡಿದರು. ಸ್ಯಾಕ್ಸೊಫೋನನ್ನು ಅಲ್ಲೇ ಬಿಸಿಲಲ್ಲಿದ್ದ ಕುರ್ಚಿಯ ಮೇಲಿಟ್ಟು, ಕೋಟು ಕಳಚಿ ಅದರ ಬೆನ್ನಿಗೆ ಹಾಕಿ, ಅವರ ಹಿಂದೆ ಹೋದೆ. ಹೊಟ್ಟೆ ಹಸಿದಿತ್ತು, ಫ್ಯಾನಿನ ಗಾಳಿ ಇತ್ತು. ಎರಡು ಹೋಳಿಗೆ ತಿಂದೆ. ಸುಳ್ಳೇಕೆ, ರುಚಿಯಾಗಿಯೇ ಇತ್ತು.

ಕೈ ತೊಳೆದು ಹೊರಗೆ ಬಂದಾಗ ಮೂರು ಪಂಕ್ತಿ ಮುಗಿದಿದ್ದವು. ನಮ್ಮವರು ಅಡುಗೆಯ ಶಾಮಿಯಾನದ ಹಿಂದೆ, ಪಾತ್ರೆ ತೊಳೆಯುವ ನೀರು ಹರಿಯುವ ಕಡೆ ಕೂತಿದ್ದರು. ಐದು ಜನಕ್ಕೆ ಆರು ಎಲೆ. ಹೋಳಿಗೆ ತೀರಿತ್ತು; ಎಲೆಯ ಮೇಲೆ ಅನ್ನ, ಸಾರು. ಯಾರೂ ಕೈ ಹಚ್ಚಿರಲಿಲ್ಲ. "ಬರ್ರಿ ಮೇಷ್ಟ್ರೇ, ನಿಮ್ಗೇ ಕಾಯ್ತಿದ್ವಿ" ಎಂದರು ಸಾಹೇಬರು.

"ನನಗೆ ಹೊಟ್ಟೆ ಸರಿ ಇಲ್ಲ ಸಾಹೇಬ್ರೇ, ನೀವು ಉಣ್ರಿ" ಎಂದೆ.

ಹೇಳಿ ಬಾಯಿ ಮುಚ್ಚಿರಲಿಲ್ಲ, ಹೆಡ್‌ಮಾಸ್ಟರು ಹುಡುಕಿಕೊಂಡು ಬಂದೇಬಿಟ್ಟರು. "ಎರಡೇ ಹೋಳಿಗೆ ತಿಂದು ಎದ್ರಲ್ರೀ! ಒಳಗೆ ನಾಲ್ಕು ಎತ್ತಿಡ್ಸೀನಿ, ಮನೀಗೆ ಕಟ್ಟಿಸ್ಲೇನು?"

ನಾನು ಬೇಡವೆಂದು ತಲೆಯಾಡಿಸಿದೆ, ಅವರು ಹೊರಟುಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ನನ್ನ ಮುಖ ನೋಡಲಿಲ್ಲ. ತಮ್ಮ ಎಲೆಯನ್ನೇ ನೋಡುತ್ತಾ, "ಕುಂತ್ಕಳ್ರಿ. ಜೊತೀಗೆ ಬಂದೋರು, ಒಂದ್ ತುತ್ತು ಮಜ್ಜಿಗೆ ಅನ್ನ ಉಂಡ್ರೆ ಆತು" ಎಂದರು. ಕೂತೆ. ಆ ಒಂದು ತುತ್ತನ್ನು ಕಲಸುತ್ತಲೇ ಇದ್ದೆ. ಆಗ ನೋಡಿದೆ, ಕುರ್ಚಿಯ ಮೇಲೆ ಬಿಟ್ಟಿದ್ದ ಸ್ಯಾಕ್ಸೊಫೋನು ಅವರ ಪಕ್ಕದಲ್ಲಿತ್ತು, ಟವೆಲ್ ಸುತ್ತಿಕೊಂಡು.

ವಾಪಸ್ ಬರುವಾಗಲೂ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ದಾರಿಯುದ್ದಕ್ಕೂ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡು ಕೂತೆ.

ಮೂರು ಭಾನುವಾರ ಪಾಠಕ್ಕೆ ಹೋಗಲಿಲ್ಲ. ನಾಲ್ಕನೆಯದಕ್ಕೆ ಹೋದಾಗ, ಕ್ಷಮೆ ಕೇಳಲು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಸಾಹೇಬರು ಸ್ಯಾಕ್ಸೊಫೋನು ಕೈಗಿಟ್ಟರು. ಬಾಯಿಗೆ ಹಿಡಿಯುವ ತುದಿಯಲ್ಲಿ ರೀಡು ಎನ್ನುವ ತೆಳ್ಳನೆಯ ಜೊಂಡಿನ ಪಟ್ಟಿ ಇರುತ್ತದೆ, ದನಿ ಹುಟ್ಟುವುದೇ ಅದರಿಂದ. "ಅವತ್ತು ಬಿಸ್ಲಿಗೆ ಒಣಗಿ ಸೀಳಿತ್ತು. ಬ್ಯಾರೆ ಹಾಕೀನಿ. ನಾಲ್ಕು ಮಾತ್ರೆ ಸುಮ್ನಿದ್ದು ಶುರು ಮಾಡ್ರಿ" ಎಂದರು. ಅಷ್ಟೇ. ಅಂದು ಮೊದಲ ಸಲ ನಾಲ್ಕನ್ನೂ ಪೂರ್ತಿ ಕಾದೆ.

ಆ ಸೀಳಿದ ರೀಡು ಕೇಳಿ ಇಸ್ಕೊಂಡೆ. ಈಗಲೂ ಜೇಬಿನಲ್ಲಿ ಪೆನ್ನಿನ ಪಕ್ಕ ಇರುತ್ತದೆ. ಯಾವ ಮದುವೆಗೆ ಹೋದರೂ ಎಲೆಯ ಮುಂದೆ ಕೂತು ಹೋಳಿಗೆಗೆ ಕೈ ಹಾಕುವ ಮೊದಲು, "ಬ್ಯಾಂಡಿನೋರ್ದು ಆಯ್ತೇನ್ರಿ?" ಎಂದು ಕೇಳುತ್ತೇನೆ. ಬಡಿಸುವವರು "ಅವ್ರದು ಕೊನೀಗೆ ಬಿಡ್ರಿ ಮೇಷ್ಟ್ರೇ" ಎಂದು ಮುಂದೆ ಹೋಗುತ್ತಾರೆ. ಎದ್ದು ಹೋಗಿ ಅವರ ಜೊತೆ ಕೂರಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಎದ್ದದ್ದು ಈವರೆಗೆ ಒಂದೇ ಸಲ.